ಹಾಡಿನ ಸಾಲುಗಳಲ್ಲಿ ನಂಬಿಕೆಯನ್ನೂ ಸಂದೇಹವನ್ನೂ ಓದುವ ಕ್ರಮ

ಹಾಡಿನ ಅರ್ಥದ ಬಗ್ಗೆ ಬರೆಯತೊಡಗಿದ ದಿನದಿಂದ ಓದುಗರು ನನ್ನನ್ನು ಬೇರೆ ಬೇರೆ ಮಾತಿನಲ್ಲಿ ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದಾರೆ: ದೇವರನ್ನು ಪ್ರಶ್ನಿಸುವ ಈ ಹಾಡು ಭಕ್ತಿಯದೋ, ನಾಸ್ತಿಕರದೋ? ಪ್ರಶ್ನೆ ಸಹಜವಾದದ್ದೇ. ಆದರೆ ಅದನ್ನು ಹೀಗೆ ಎರಡು ಹೋಳು ಮಾಡಿ ಕೇಳಿದ ಕೂಡಲೇ ಉತ್ತರ ತಪ್ಪುವ ಸಂಭವ ಹೆಚ್ಚಾಗುತ್ತದೆ, ಏಕೆಂದರೆ ಹಾಡುಗಳಲ್ಲಿ ಸಂದೇಹವು ಬಹುಪಾಲು ನಂಬಿಕೆಯ ಎದುರಾಳಿಯಾಗಿ ನಿಲ್ಲದೆ ಅದರ ಮನೆಯೊಳಗೇ ಕುಳಿತು ಮಾತಾಡುತ್ತದೆ. ಆ ಮಾತನ್ನು ಅವಸರವಿಲ್ಲದೆ ಬಿಡಿಸಿ ಓದುವುದು ಹೇಗೆಂಬುದನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಸಿದ್ಧತೆ

ನಿಮಗೆ ಬೇಕಾಗುವುದು ಹಾಡಿನ ಪೂರ್ಣ ಪಾಠ, ಅದು ಬರೆಯಲ್ಪಟ್ಟ ಅಥವಾ ಮೊದಲು ಹಾಡಲ್ಪಟ್ಟ ಕಾಲದ ಅಂದಾಜು, ಒಂದು ಪೆನ್ಸಿಲ್ಲು ಮತ್ತು ಅರ್ಧ ಗಂಟೆಯ ಬಿಡುವು. ಇದರೊಂದಿಗೆ ಕೆಲವು ಪದಗಳ ಅರ್ಥವೂ ಸ್ಪಷ್ಟವಾಗಿರಬೇಕು. ‘ಸಂದೇಹ’ ಎಂದರೆ ಎರಡು ಸಾಧ್ಯತೆಗಳ ನಡುವೆ ಮನಸ್ಸು ತೂಗಾಡುವುದು. ‘ಜಿಜ್ಞಾಸೆ’ ಎಂದರೆ ತಿಳಿಯಬೇಕೆಂಬ ಬಯಕೆ. ಅದರಲ್ಲಿ ಪ್ರಶ್ನೆ ಇರುತ್ತದೆ, ಅಪನಂಬಿಕೆ ಇರಬೇಕೆಂದಿಲ್ಲ. ‘ಅಜ್ಞೇಯತಾವಾದ’ ಎಂದರೆ ದೇವರ ಇರವನ್ನು ಮನುಷ್ಯ ತಿಳಿಯಲಾರ ಎಂಬ ನಿಲುವು. ‘ನಾಸ್ತಿಕ’ ಎಂಬ ಪದವನ್ನು ಇಂದು ನಾವು ದೇವರಿಲ್ಲ ಎನ್ನುವವನಿಗೆ ಬಳಸುತ್ತೇವೆ. ಆದರೆ ಭಾರತೀಯ ದರ್ಶನಗಳಲ್ಲಿ ಅದು ವೇದದ ಪ್ರಾಮಾಣ್ಯವನ್ನು ಒಪ್ಪದವನಿಗೆ ಸಲ್ಲುತ್ತಿದ್ದ ಹೆಸರು. ಸೃಷ್ಟಿಕರ್ತನಾದ ಈಶ್ವರನ ಅಗತ್ಯವನ್ನು ಕಾಣದ ಸಾಂಖ್ಯ, ಮೀಮಾಂಸೆಗಳು ಆ ಲೆಕ್ಕದಲ್ಲಿ ಆಸ್ತಿಕ ದರ್ಶನಗಳೇ. ಹಳೆಯ ಹಾಡೊಂದಕ್ಕೆ ಇಂದಿನ ಅರ್ಥದ ‘ನಾಸ್ತಿಕ’ ಪಟ್ಟಿಯನ್ನು ಅಂಟಿಸುವ ಮುನ್ನ ಈ ವ್ಯತ್ಯಾಸವನ್ನು ನೆನಪಿಡಿ.

ಅಭ್ಯಾಸಕ್ಕಾಗಿ ನಾನೇ ನಾಲ್ಕು ಸಾಲು ಕಟ್ಟಿದ್ದೇನೆ. ಮುಂದಿನ ಹಂತಗಳಲ್ಲಿ ಇವಕ್ಕೆ ಮರಳಿ ಬರುತ್ತೇವೆ.

ದೀಪ ಹಚ್ಚಿದೆ ನಾನು, ಗಾಳಿ ಬೀಸಿದೆ ನೀನು,
ಕತ್ತಲಲಿ ಕೂತು ಮತ್ತೆ ಬತ್ತಿ ಹೊಸೆದೆ;
ಇರುವೆಯೋ ಇಲ್ಲವೋ ಕೇಳಲಾರೆನು ಇನ್ನು,
ಬಾಗಿಲನು ಮುಚ್ಚದೆಯೆ ಮಲಗಿಕೊಂಡೆ.

1. ಪೂರ್ಣ ಪಾಠವನ್ನು, ಅದರ ಎಲ್ಲ ರೂಪಗಳೊಂದಿಗೆ ನೋಡಿ

ನೆನಪಿನಲ್ಲಿ ಉಳಿದ ಎರಡು ಸಾಲುಗಳ ಮೇಲೆ ವ್ಯಾಖ್ಯಾನ ಕಟ್ಟಬೇಡಿ. ನೆನಪಿನಲ್ಲಿ ಉಳಿಯುವುದು ಸಾಮಾನ್ಯವಾಗಿ ಪಲ್ಲವಿ, ಅಂದರೆ ಪ್ರತಿ ಚರಣದ ಬಳಿಕ ಮರಳಿ ಬರುವ ಭಾಗ. ಸಂದೇಹ ಅಡಗಿರುವುದು ಹೆಚ್ಚಾಗಿ ಚರಣಗಳಲ್ಲಿ. ಹಾಡಿಗೆ ಒಂದಕ್ಕಿಂತ ಹೆಚ್ಚು ರೂಪಗಳಿದ್ದರೆ ಯಾವುದನ್ನು ಓದುತ್ತಿದ್ದೀರಿ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಇದು ಎಷ್ಟು ಮುಖ್ಯ ಎನ್ನಲು ಲೆನಾರ್ಡ್ ಕೋಹೆನ್ ಅವರ ‘ಹಲ್ಲೆಲೂಯ’ (ದೇವರನ್ನು ಸ್ತುತಿಸಿರಿ ಎಂಬರ್ಥದ ಹೀಬ್ರೂ ಮಾತು) ಎಂಬ ಇಂಗ್ಲಿಷ್ ಹಾಡೊಂದೇ ಸಾಕು. 1984ರಲ್ಲಿ ಅವರು ಧ್ವನಿಮುದ್ರಿಸಿದ ರೂಪವು ಹಾಡಿನ ಒಡೆಯನಾದ ದೇವರೆದುರು ಸ್ತುತಿಯೊಂದನ್ನೇ ನಾಲಗೆಯ ಮೇಲಿಟ್ಟುಕೊಂಡು ನಿಲ್ಲುವುದರಲ್ಲಿ ಮುಗಿಯುತ್ತದೆ. 1991ರಲ್ಲಿ ಜಾನ್ ಕೇಲ್ ಬೇರೆ ಚರಣಗಳನ್ನು ಆಯ್ದುಕೊಂಡು ಹಾಡಿದರು. ಮೇಲೆ ದೇವರಿದ್ದರೂ ಇರಬಹುದು ಎಂಬ ಅನುಮಾನದ ಸಾಲು ಬರುವುದು ಈ ರೂಪದಲ್ಲಿ, ಮತ್ತು ಇದು ಮುಗಿಯುವುದು ತಣ್ಣಗಾದ, ಮುರಿದ ಸ್ತುತಿಯಲ್ಲಿ. 1994ರಲ್ಲಿ ಜೆಫ್ ಬಕ್ಲಿ ಹಾಡಿದ್ದು ಕೇಲ್ ಅವರ ರೂಪವನ್ನು ಅನುಸರಿಸಿ. ಹಾಡು ಒಂದೇ, ಹೆಸರು ಒಂದೇ, ಆದರೆ ಒಬ್ಬ ಓದುಗನ ಕೈಗೆ ನಂಬಿಕೆಯ ಮುಕ್ತಾಯವೂ ಇನ್ನೊಬ್ಬನ ಕೈಗೆ ಒಡಕಿನ ಮುಕ್ತಾಯವೂ ಸಿಕ್ಕಿರುತ್ತದೆ. ಇಬ್ಬರೂ ವಾದಕ್ಕೆ ಕುಳಿತರೆ ಅದು ಮುಗಿಯುವಂಥದ್ದಲ್ಲ.

2. ಹಾಡಿನಲ್ಲಿ ಮಾತಾಡುತ್ತಿರುವವರು ಯಾರು?

ಹಾಡಿನ ‘ನಾನು’ ಬರೆದವರೇ ಆಗಿರಬೇಕಿಲ್ಲ. ಹಾಡೊಳಗಿನ ಈ ಮಾತುಗಾರನನ್ನು ‘ನಿರೂಪಕ’ ಎನ್ನುತ್ತೇವೆ. ದೃಢ ಭಕ್ತರು ಸೋತವನ ಬಾಯಲ್ಲಿ ಹಾಡಿಸಬಹುದು, ದೇವರನ್ನು ನಂಬದವರು ಭಕ್ತೆಯ ಬಾಯಲ್ಲಿ ಹಾಡಿಸಬಹುದು. ಒಂದೇ ಹಾಡಿನಲ್ಲಿ ಎರಡು ದನಿಗಳಿದ್ದರೆ ಪ್ರತಿ ಸಾಲಿನ ಅಂಚಿನಲ್ಲಿ ಅದು ಯಾರದೆಂದು ಗುರುತು ಮಾಡಿ. ಶಾಸ್ತ್ರಚರ್ಚೆಯಲ್ಲಿ ಎದುರಾಳಿಯ ಆಕ್ಷೇಪವನ್ನು ಮೊದಲು ತಾನೇ ಹೇಳಿ, ಆಮೇಲೆ ಉತ್ತರಿಸುವ ರೂಢಿಯಿದೆ. ಆಕ್ಷೇಪಕ್ಕೆ ‘ಪೂರ್ವಪಕ್ಷ’ ಎಂದೂ ಉತ್ತರಕ್ಕೆ ‘ಸಿದ್ಧಾಂತ’ ಎಂದೂ ಹೆಸರು. ಅನೇಕ ಹಾಡುಗಳಲ್ಲಿ ಸಂದೇಹದ ಚರಣ ಪೂರ್ವಪಕ್ಷವಾಗಿಯೇ ಬಂದಿರುತ್ತದೆ. ಅದೊಂದನ್ನೇ ಕಿತ್ತು ತೋರಿಸಿ ಇದೇ ಕವಿಯ ಮತವೆನ್ನುವುದು ಅನ್ಯಾಯ.

3. ಸಂದೇಹವನ್ನು ಯಾರಿಗೆ ಹೇಳಲಾಗುತ್ತಿದೆ?

ನನ್ನ ದೃಷ್ಟಿಯಲ್ಲಿ ಇಡೀ ಕ್ರಮದಲ್ಲಿ ಇದೇ ನಿರ್ಣಾಯಕ ಹಂತ. ದೇವರು ‘ನೀನು’ ಆಗಿ ಬಂದಿದ್ದಾನೋ, ‘ಅವನು’ ಆಗಿ ಬಂದಿದ್ದಾನೋ ನೋಡಿ, ಎಲ್ಲ ಸರ್ವನಾಮಗಳ ಕೆಳಗೆ ಗೆರೆ ಎಳೆಯಿರಿ. ‘ನೀನು ನನ್ನನ್ನು ಮರೆತೆ’ ಎಂಬುದೂ ‘ಅವನು ನಮ್ಮನ್ನು ಮರೆತಿದ್ದಾನೆ’ ಎಂಬುದೂ ದೂರುಗಳೇ. ಮೊದಲನೆಯದನ್ನು ದೇವರ ಮುಖಕ್ಕೇ ಹೇಳಲಾಗಿದೆ, ಎರಡನೆಯದನ್ನು ದೇವರ ಬೆನ್ನ ಹಿಂದೆ ಇತರರಿಗೆ ಹೇಳಲಾಗಿದೆ. ಜಗಳವಾಡುವಷ್ಟು ಹತ್ತಿರದಲ್ಲಿ ನಿಂತವನ ಸಂಬಂಧ ಇನ್ನೂ ಕಡಿದಿರುವುದಿಲ್ಲ.

ಬೈಬಲಿನ ಕೀರ್ತನೆಗಳ ಗ್ರಂಥದಲ್ಲಿ 150 ಹಾಡುಗಳಿವೆ. ಅವುಗಳಲ್ಲಿ ಪ್ರಲಾಪಗಳ, ಎಂದರೆ ದುಃಖವನ್ನೂ ದೂರನ್ನೂ ದೇವರೆದುರು ತೋಡಿಕೊಳ್ಳುವ ಹಾಡುಗಳ ಪಾಲು ದೊಡ್ಡದು. ಆರೇ ವಚನಗಳಿರುವ 13ನೆಯ ಕೀರ್ತನೆಯನ್ನು ನೋಡಿ. ಮೊದಲ ಎರಡು ವಚನಗಳಲ್ಲೇ ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ: ಎಷ್ಟರವರೆಗೆ ಮರೆತಿರುವೆ, ಎಷ್ಟರವರೆಗೆ ಮುಖ ಮರೆಮಾಡಿಕೊಂಡಿರುವೆ ಎಂದು. ಆಡುವವನು ದೇವರನ್ನೇ ಹೆಸರು ಹಿಡಿದು ಕರೆದು ಇದನ್ನೆಲ್ಲ ಕೇಳುತ್ತಾನೆ. ಮರೆತಿದ್ದಾನೆ ಎಂಬ ದೂರೂ, ಕೇಳಿಸಿಕೊಳ್ಳುತ್ತಾನೆ ಎಂಬ ಭರವಸೆಯೂ ಒಂದೇ ವಾಕ್ಯದಲ್ಲಿವೆ.

ನಮ್ಮ ದಾಸಸಾಹಿತ್ಯದಲ್ಲಿ ಕನಕದಾಸರ ‘ನೀ ಮಾಯೆಯೊಳಗೊ ನಿನ್ನೊಳು ಮಾಯೆಯೊ’ ಕೀರ್ತನೆ ಇನ್ನೊಂದು ಬಗೆಯದು. ಅದು ಉದ್ದಕ್ಕೂ ಪ್ರಶ್ನೆಗಳಿಂದಲೇ ಕಟ್ಟಿದ್ದು; ಕುಸುಮದೊಳಗೆ ಗಂಧವೋ ಗಂಧದೊಳಗೆ ಕುಸುಮವೋ ಎಂದು ಕೇಳುತ್ತ ಹೋಗಿ, ಕೊನೆಗೆ ‘ಉಸುರಲೆನ್ನಳವಲ್ಲ’, ಹೇಳುವುದು ನನ್ನಿಂದಾಗದು, ಎನ್ನುತ್ತದೆ. ಪ್ರಶ್ನೆಗಳನ್ನು ಎಣಿಸಿ ಇದನ್ನು ಸಂದೇಹದ ಹಾಡೆನ್ನುವವರಿದ್ದಾರೆ. ಆದರೆ ಮೊದಲ ಪದವೇ ‘ನೀ’, ಕೊನೆಯ ಚರಣದಲ್ಲಿರುವುದು ಕಾಗಿನೆಲೆಯಾದಿಕೇಶವ ಎಂಬ ಅಂಕಿತ. ಅಂಕಿತವೆಂದರೆ ಕೀರ್ತನಕಾರರು, ವಚನಕಾರರು ತಮ್ಮ ರಚನೆಯಲ್ಲಿ ಇಡುವ ಇಷ್ಟದೈವದ ಹೆಸರು. ಅದನ್ನು ಬರಿಯ ಸಹಿಯೆಂದು ದಾಟಿಹೋಗಬೇಡಿ. ಹಿಂದಿನ ಪ್ರಶ್ನೆಗಳೆಲ್ಲ ಯಾರ ಪಾದಕ್ಕೆ ಸಲ್ಲುತ್ತವೆ ಎಂಬುದು ಅಲ್ಲಿ ತಿಳಿಯುತ್ತದೆ.

ಎಚ್ಚರಿಕೆ: ‘ನೀನು’ ಇದ್ದಲ್ಲೆಲ್ಲ ನಂಬಿಕೆ ಇದೆಯೆಂದು ತೀರ್ಮಾನಿಸಬೇಡಿ. ಇಲ್ಲದವನನ್ನು ಇದ್ದಾನೆಂಬಂತೆ ಕರೆದು ಮಾತಾಡುವುದು ಕಾವ್ಯದ ಹಳೆಯ ತಂತ್ರ. ಅಂಥ ಕರೆಯಲ್ಲಿ ಉತ್ತರದ ನಿರೀಕ್ಷೆ ಇದೆಯೋ, ಕೇಳುಗರನ್ನು ಒಪ್ಪಿಸುವ ಉದ್ದೇಶವಷ್ಟೇ ಇದೆಯೋ ಪರಿಶೀಲಿಸಿ.

4. ಕ್ರಿಯಾಪದದ ಬಾಲವನ್ನು ಹಿಡಿಯಿರಿ

ಕನ್ನಡದ ಹಾಡನ್ನು ಓದುವವರಿಗೆ ಒಂದು ಅನುಕೂಲವಿದೆ: ನಮ್ಮ ಭಾಷೆಯಲ್ಲಿ ನಂಬಿಕೆಯ ಅಳತೆ ಕ್ರಿಯಾಪದದ ತುದಿಯಲ್ಲೇ ದಾಖಲಾಗುತ್ತದೆ. ‘ದೇವರಿದ್ದಾನೆ’ ಎಂಬುದು ನೇರ ಹೇಳಿಕೆ. ‘ದೇವರಿದ್ದಾನಂತೆ’ ಎಂದರೆ ಹೇಳಿದವರು ಬೇರೆ, ನಾನು ಹೊಣೆಯಲ್ಲ ಎಂದರ್ಥ. ‘ದೇವರಿದ್ದಾನೇನೋ’ ಎಂಬುದರಲ್ಲಿ ಮನಸ್ಸು ಇರವಿನ ಕಡೆಗೆ ತುಸು ವಾಲಿದೆ. ‘ದೇವರಿದ್ದಾನು’ ಎಂಬ ರೂಪಕ್ಕೆ ವ್ಯಾಕರಣದಲ್ಲಿ ಸಂಭಾವನಾರ್ಥವೆಂದು ಹೆಸರು; ಇರುವ ಸಾಧ್ಯತೆಯುಂಟು ಎಂಬಷ್ಟೇ ಅದರ ಮಾತು. ‘ದೇವರಿದ್ದರೆ’ ಎಂಬುದು ಬಾಗಿಲನ್ನು ತೆರೆದೇ ಇಡುತ್ತದೆ, ‘ದೇವರಿದ್ದಿದ್ದರೆ’ ಎಂಬುದು ಮುಚ್ಚಿಬಿಡುತ್ತದೆ, ಏಕೆಂದರೆ ಎರಡನೆಯದರಲ್ಲಿ ಇಲ್ಲ ಎಂಬ ತೀರ್ಮಾನ ಆಗಲೇ ಸೇರಿಕೊಂಡಿದೆ. ‘ದೇವರಿರಲಿ’ ಎಂಬುದು ಹಾರೈಕೆಯೂ ಆಗಬಹುದು, ‘ಇರಲಿ ಬಿಡಲಿ’ ಎಂಬ ಉದಾಸೀನದ ಮೊದಲ ಅರ್ಧವೂ ಆಗಬಹುದು. ಮುಂದಿನ ಪದ ನೋಡದೆ ಹೇಳಲು ಬಾರದು.

ಇದೇ ಎಚ್ಚರದಿಂದ ‘ಆದರೆ’ ಮತ್ತು ‘ಆದರೂ’ ಎಂಬ ಜೋಡಿಯನ್ನು ಗಮನಿಸಿ. ‘ನಂಬಿದ್ದೆ, ಆದರೆ ನೀ ಬರಲಿಲ್ಲ’ ಎಂಬಲ್ಲಿ ಕೊನೆಗೆ ಉಳಿಯುವುದು ಬಾರದಿರುವಿಕೆ. ‘ನೀ ಬರಲಿಲ್ಲ, ಆದರೂ ನಂಬಿದ್ದೆ’ ಎಂಬಲ್ಲಿ ಉಳಿಯುವುದು ನಂಬಿಕೆ. ಸಂಗತಿಗಳು ಎರಡರಲ್ಲೂ ಅವೇ.

ಈಗ ನಮ್ಮ ಅಭ್ಯಾಸದ ಸಾಲಿಗೆ ಬನ್ನಿ. ‘ಗಾಳಿ ಬೀಸಿದೆ’ ಎಂಬಷ್ಟನ್ನೇ ಓದಿ ನಿಲ್ಲಿಸಿದರೆ ಅದು ಹವೆಯ ಸುದ್ದಿ: ಗಾಳಿ ತಾನಾಗಿ ಬೀಸಿದೆ, ಯಾರ ತಪ್ಪೂ ಇಲ್ಲ. ಅದರ ಬೆನ್ನಿಗೇ ‘ನೀನು’ ಬಂದ ಕೂಡಲೇ ಅದೇ ಕ್ರಿಯಾಪದ ಮಧ್ಯಮಪುರುಷಕ್ಕೆ ತಿರುಗಿ ಆರೋಪವಾಗುತ್ತದೆ: ದೀಪ ಆರಿಸಿದವನು ನೀನೇ. ಆರೋಪ ಹೊರಿಸಲು ಆರೋಪಿ ಇರಲೇಬೇಕಷ್ಟೆ. ಹಾಗಾಗಿ ಮೂರನೆಯ ಸಾಲಿನ ‘ಇರುವೆಯೋ ಇಲ್ಲವೋ’ ಎಂಬ ಸಂದೇಹಕ್ಕೂ ಮೊದಲೇ, ಇದ್ದಾನೆಂಬ ಭಾವನೆ ಸಿಟ್ಟಿನ ರೂಪದಲ್ಲಿ ಬಂದುಹೋಗಿದೆ. ಇನ್ನು ‘ಕೇಳಲಾರೆನು’. ಕನ್ನಡದಲ್ಲಿ ‘ಕೇಳು’ ಎಂದರೆ ಪ್ರಶ್ನಿಸು ಎಂದೂ ಹೌದು, ಆಲಿಸು ಎಂದೂ ಹೌದು. ಇನ್ನು ಪ್ರಶ್ನೆ ಮಾಡಲಾರೆ ಎಂದು ಓದಿದರೆ ನಿರೂಪಕ ದಣಿದಿದ್ದಾನೆ. ಇರುವೆಯೋ ಇಲ್ಲವೋ ಎಂಬ ಚರ್ಚೆಯನ್ನು ಇನ್ನು ಕಿವಿಗೆ ಹಾಕಿಕೊಳ್ಳಲಾರೆ ಎಂದು ಓದಿದರೆ ಅವನು ವಾದ ಮಾಡುವವರಿಂದ ಬೇಸತ್ತಿದ್ದಾನೆ, ದೇವರಿಂದಲ್ಲ. ಎರಡೂ ಅರ್ಥಗಳನ್ನು ಬರೆದಿಟ್ಟುಕೊಳ್ಳಿ. ಒಂದನ್ನು ಈಗಲೇ ಹೊಡೆದುಹಾಕುವ ಅಗತ್ಯವಿಲ್ಲ.

5. ಸಂದೇಹ ಯಾವುದರ ಮೇಲೆ?

ದೇವರ ಇರವಿನ ಮೇಲಿನ ಸಂದೇಹ ಒಂದು ಬಗೆ ಮಾತ್ರ. ದೇವರು ಇದ್ದಾನೆ, ನ್ಯಾಯವಂತನಲ್ಲ ಎಂಬುದು ಬೇರೆ. ದೇವರು ಸರಿ, ಅವನ ಹೆಸರಿನಲ್ಲಿ ನಡೆಯುವ ವ್ಯವಸ್ಥೆ ಸರಿಯಲ್ಲ ಎಂಬುದು ಬೇರೆ. ಎಲ್ಲವೂ ಸರಿ, ನಾನೇ ಯೋಗ್ಯನಲ್ಲ ಎಂಬುದು ಇನ್ನೂ ಬೇರೆ. ನನ್ನ ಅನುಭವದಲ್ಲಿ ಓದುಗರು ಅತಿ ಹೆಚ್ಚು ಎಡವುವುದು ಮೂರನೆಯ ಬಗೆಯಲ್ಲಿ. 12ನೆಯ ಶತಮಾನದ ಬಸವಣ್ಣನವರ ‘ಉಳ್ಳವರು ಶಿವಾಲಯವ ಮಾಡುವರು’ ವಚನ ಕಲ್ಲಿನ ದೇಗುಲಕ್ಕಿಂತ ದೇಹವೇ ದೇಗುಲವೆಂಬುದನ್ನು ಎತ್ತಿಹಿಡಿಯುತ್ತದೆ. ಸ್ಥಾವರಕ್ಕೆ ಅಳಿವುಂಟು ಎಂಬ ಅದರ ಮಾತನ್ನು ಕೂಡಲಸಂಗಮದೇವನಿಗೇ ಒಪ್ಪಿಸಲಾಗಿದೆ. ಅದು ಆಲಯವನ್ನು ಕುರಿತ ಮಾತು, ಆಲಯದ ಒಡೆಯನ ನಿರಾಕರಣೆಯಲ್ಲ.

ತಿಳಿವಿನ ಮೇಲಿನ ಸಂದೇಹಕ್ಕೆ ಋಗ್ವೇದದ 10ನೆಯ ಮಂಡಲದ 129ನೆಯ ಸೂಕ್ತಕ್ಕಿಂತ ಹಳೆಯ, ದಿಟ್ಟ ಉದಾಹರಣೆ ಸಿಗುವುದು ಕಷ್ಟ. ನಾಸದೀಯ ಸೂಕ್ತವೆಂದು ಹೆಸರಾದ, ಏಳು ಋಕ್ಕುಗಳ ಈ ಸೂಕ್ತ ಸೃಷ್ಟಿ ಎಲ್ಲಿಂದ ಬಂತೆಂದು ಕೇಳುತ್ತ ಹೋಗಿ, ಪರಮ ವ್ಯೋಮದಲ್ಲಿರುವ ಅಧ್ಯಕ್ಷನು ಅದನ್ನು ಬಲ್ಲನು, ಇಲ್ಲವೇ ಅವನೂ ಅರಿಯನೋ ಏನೋ, ಎಂಬಲ್ಲಿ ನಿಲ್ಲುತ್ತದೆ. ಧರ್ಮಗ್ರಂಥದೊಳಗೇ ಇರುವ ಸಂದೇಹವಿದು. ಸಂದೇಹ ಕಂಡೊಡನೆ ಹಾಡನ್ನು ಧರ್ಮದ ಹೊರಗಿಡುವ ಅಭ್ಯಾಸ ನಿಮಗಿದ್ದರೆ ಈ ಸೂಕ್ತವನ್ನು ಒಮ್ಮೆ ಅನುವಾದದಲ್ಲಾದರೂ ಓದಿ.

ಇಲ್ಲಿಯೇ ‘ನಿಂದಾಸ್ತುತಿ’ಯನ್ನೂ ಹೇಳಬೇಕು. ಬೈಯುವ ಮಾತಿನಲ್ಲೇ ಹೊಗಳುವ ಕ್ರಮವಿದು. ದಾಸರ ಪದಗಳಲ್ಲಿ ಬಹಳ ಇದೆ. ಬೈಗುಳದ ಪ್ರತಿಯೊಂದು ಮಾತೂ ದೇವರ ಕಥೆಯ ಯಾವುದಾದರೂ ಪ್ರಸಂಗಕ್ಕೆ ಕೊಂಡಿ ಹಾಕಿಕೊಂಡಿದ್ದರೆ ಅದು ನಿಂದಾಸ್ತುತಿಯಿರುವ ಸಂಭವ ಹೆಚ್ಚು, ಏಕೆಂದರೆ ಆ ಕಥೆಗಳನ್ನು ಪ್ರೀತಿಯಿಂದ ಕೇಳಿ ಬೆಳೆದವರಿಗೆ ಮಾತ್ರ ಹಾಗೆ ಬೈಯಲು ಬರುತ್ತದೆ.

6. ಧಾರ್ಮಿಕ ಪದ ಬಂದರೆ ಧಾರ್ಮಿಕ ಹಾಡಾಗುವುದಿಲ್ಲ

ಸ್ವರ್ಗ, ಪೂಜೆ, ಪ್ರಾರ್ಥನೆ, ವರ ಮುಂತಾದ ಪದಗಳನ್ನು ಪ್ರೇಮಗೀತೆಗಳು ಧಾರಾಳವಾಗಿ ಎರವಲು ಪಡೆಯುತ್ತವೆ. ಅದರ ತಿರುಗುಮುರುಗೂ ಉಂಟು: ಅಕ್ಕಮಹಾದೇವಿಯ ವಚನಗಳಲ್ಲಿ ಚೆನ್ನಮಲ್ಲಿಕಾರ್ಜುನನೇ ಗಂಡ, ಅಗಲಿಕೆಯ ನೋವೇ ಭಕ್ತಿ. ಗಜಲ್ ಪರಂಪರೆಯಲ್ಲಿ ಮನುಷ್ಯರ ನಡುವಿನ ಪ್ರೇಮಕ್ಕೆ ‘ಇಷ್ಕ್-ಎ-ಮಜಾಜಿ’ ಎಂದೂ ದೈವದ ಮೇಲಿನ ಪ್ರೇಮಕ್ಕೆ ‘ಇಷ್ಕ್-ಎ-ಹಕೀಕಿ’ ಎಂದೂ ಎರಡು ಹೆಸರುಗಳೇ ಇವೆ; ಒಂದೇ ದ್ವಿಪದಿ ಎರಡಕ್ಕೂ ಒಗ್ಗುವುದನ್ನು ಅಲ್ಲಿ ಗುಣವೆಂದೇ ಎಣಿಸುತ್ತಾರೆ. ಪರೀಕ್ಷಿಸುವ ಸುಲಭ ವಿಧಾನ ಹೀಗಿದೆ. ದೇವರಿಗೆ ಸಂಬಂಧಿಸಿದ ಪದದ ಜಾಗದಲ್ಲಿ ಪ್ರಿಯರ ಹೆಸರಿಟ್ಟು ಇಡೀ ಹಾಡನ್ನು ಓದಿ. ಎಲ್ಲಿಯೂ ತೊಡಕಾಗದಿದ್ದರೆ ಅದು ಪ್ರೇಮಗೀತೆಯಾಗಿಯೂ ನಿಲ್ಲುತ್ತದೆ. ಒಂದು ಸಾಲು ಒಗ್ಗದೆ ಎದ್ದು ನಿಂತರೆ ಹಾಡಿನ ಕೀಲಿ ಆ ಸಾಲಿನಲ್ಲಿದೆ.

7. ತಿರುವು ಎಲ್ಲಿದೆ, ಮುಗಿಯುವುದು ಎಲ್ಲಿ?

ಸಂದೇಹ ಮೊದಲು ಬಂದು ನಂಬಿಕೆಯಲ್ಲಿ ಮುಗಿಯುವುದಕ್ಕೂ, ನಂಬಿಕೆಯಿಂದ ಹೊರಟು ಸಂದೇಹದಲ್ಲಿ ನಿಲ್ಲುವುದಕ್ಕೂ ಅಜಗಜಾಂತರ. ಮೇಲೆ ಹೇಳಿದ 13ನೆಯ ಕೀರ್ತನೆ ನಾಲ್ಕು ‘ಎಷ್ಟರವರೆಗೆ’ಗಳಿಂದ ಹೊರಟು ದೇವರಿಗೆ ಹಾಡುತ್ತೇನೆ ಎಂಬಲ್ಲಿ ಮುಗಿಯುತ್ತದೆ. 88ನೆಯ ಕೀರ್ತನೆಗೆ ಅಂಥ ತಿರುವೇ ಇಲ್ಲ. ಹೀಬ್ರೂ ಮೂಲದಲ್ಲಿ ಅದರ ಕಟ್ಟಕಡೆಯ ಪದ ‘ಕತ್ತಲೆ’. ಆದರೂ ಅದನ್ನು ಯಾರೂ ಗ್ರಂಥದಿಂದ ತೆಗೆದುಹಾಕಲಿಲ್ಲ. ಎಲ್ಲ ಪ್ರಲಾಪಗಳೂ ಸಮಾಧಾನದಲ್ಲೇ ಮುಗಿಯಬೇಕೆಂದು ನಿರೀಕ್ಷಿಸಿ, ಇಲ್ಲದ ಸಮಾಧಾನವನ್ನು ಹಾಡಿಗೆ ತುಂಬುವುದು ಭಕ್ತ ಓದುಗರು ಮಾಡುವ ತಪ್ಪು. ಸಂದೇಹದ ಸಾಲು ಬಂದೊಡನೆ ಓದು ನಿಲ್ಲಿಸಿ, ಮುಂದಿನ ತಿರುವನ್ನು ಕಾಣದೆ ಹೋಗುವುದು ದೇವರನ್ನು ನಂಬದ ಓದುಗರು ಮಾಡುವ ತಪ್ಪು.

ಪಲ್ಲವಿಯ ವಿಷಯದಲ್ಲಿ ಇನ್ನೊಂದು ಮಾತು. ಪ್ರತಿ ಸಲವೂ ಅದೇ ಪದಗಳೊಂದಿಗೆ ಬಂದರೂ ಪಲ್ಲವಿಯ ಅರ್ಥ ಪ್ರತಿ ಸಲವೂ ಅದೇ ಆಗಿರುವುದಿಲ್ಲ. ಮಗುವಿನ ಹುಟ್ಟಿನ ಚರಣದ ಬಳಿಕ ‘ನಿನ್ನ ಇಚ್ಛೆ’ ಎಂದರೆ ಕೃತಜ್ಞತೆ, ಸಾವಿನ ಚರಣದ ಬಳಿಕ ಅದೇ ‘ನಿನ್ನ ಇಚ್ಛೆ’ ಶರಣಾಗತಿಯಾಗಬಹುದು, ಕಹಿಯೂ ಆಗಬಹುದು.

8. ಆಮೇಲೆ ಕೇಳಿ

ಪಾಠವನ್ನು ಓದಿ ಟಿಪ್ಪಣಿ ಮಾಡಿಕೊಂಡ ಮೇಲೆಯೇ ಹಾಡನ್ನು ಕೇಳಿ. ಸಂಗೀತ ಕೆಲವೊಮ್ಮೆ ಮಾತಿಗೆ ಎದುರಾಡುತ್ತದೆ, ಕೆಲವೊಮ್ಮೆ ಮಾತು ಹೇಳದ್ದನ್ನು ಹೇಳುತ್ತದೆ. ಜಾರ್ಜ್ ಹ್ಯಾರಿಸನ್ ಅವರ 1970ರ ‘ಮೈ ಸ್ವೀಟ್ ಲಾರ್ಡ್’ ಹಾಡಿನಲ್ಲಿ ಹಿನ್ನೆಲೆಯ ದನಿಗಳು ‘ಹಲ್ಲೆಲೂಯ’ದಿಂದ ‘ಹರೇ ಕೃಷ್ಣ’ಕ್ಕೆ ಸಾಗುತ್ತವೆ. ಮುಖ್ಯ ಗಾಯಕನ ಸಾಲುಗಳನ್ನಷ್ಟೇ ಬರೆದುಕೊಂಡವರಿಗೆ ಈ ದಾಟು ಕಾಣುವುದೇ ಇಲ್ಲ.

9. ಬರೆದವರ ಬದುಕನ್ನು ಕೊನೆಗೆ ತನ್ನಿ

ಬದುಕಿನ ಕಥೆ ಮೊದಲೇ ಗೊತ್ತಿದ್ದರೆ ನಾವು ಹಾಡನ್ನು ಓದುವುದಿಲ್ಲ, ಕಥೆಗೆ ಸಾಕ್ಷಿ ಹುಡುಕುತ್ತೇವೆ. ಜಾನ್ ನ್ಯೂಟನ್ ಅವರ ‘ಅಮೇಜಿಂಗ್ ಗ್ರೇಸ್’ ಎಂಬ ಕ್ರೈಸ್ತ ಭಕ್ತಿಗೀತೆಯ ಬಗ್ಗೆ ಜನಪ್ರಿಯವಾಗಿರುವ ಕಥೆ ಹೀಗಿದೆ: ಗುಲಾಮರನ್ನು ಸಾಗಿಸುತ್ತಿದ್ದ ನಾವಿಕ ಬಿರುಗಾಳಿಗೆ ಸಿಕ್ಕು, ದೇವರನ್ನು ಕಂಡು, ಆ ವ್ಯಾಪಾರವನ್ನು ಬಿಟ್ಟು, ಈ ಹಾಡು ಬರೆದ. ಕಾಲಾನುಕ್ರಮ ಬೇರೆಯೇ ಹೇಳುತ್ತದೆ. ಬಿರುಗಾಳಿ 1748ರದು. ಅದಾದ ಮೇಲೂ ಅವರು ಗುಲಾಮರ ಹಡಗುಗಳಲ್ಲಿ 1754ರವರೆಗೆ ದುಡಿದರು. ಹಾಡು ಸಿದ್ಧವಾದದ್ದು 1773ರ ಹೊಸ ವರ್ಷದ ದಿನದ ಪ್ರವಚನಕ್ಕಾಗಿ, ಅಚ್ಚಾದದ್ದು 1779ರಲ್ಲಿ. ಗುಲಾಮರ ವ್ಯಾಪಾರದ ವಿರುದ್ಧ ಅವರು ಪ್ರಕಟವಾಗಿ ಬರೆದದ್ದು 1788ರಲ್ಲಿ. ಇಂದು ಎಲ್ಲರೂ ಗುರುತಿಸುವ ಧಾಟಿ ಆ ಪದಗಳಿಗೆ ಕೂಡಿ ಅಚ್ಚಾದದ್ದು 1835ರಲ್ಲಿ, ನ್ಯೂಟನ್ ತೀರಿಕೊಂಡ ಬಹಳ ವರ್ಷಗಳ ಬಳಿಕ. ಈ ಇಸವಿಗಳನ್ನು ಮುಂದಿಟ್ಟುಕೊಂಡು ಓದಿದರೆ ಹಾಡು ಒಂದು ರಾತ್ರಿಯ ಪವಾಡದ ವರದಿಯಾಗಿ ಉಳಿಯದೆ, ಬಹುಕಾಲ ಕುರುಡಾಗಿದ್ದವನು ಹಿಂದಿರುಗಿ ನೋಡಿದ ನೋಟವಾಗಿ ಕಾಣುತ್ತದೆ. ನನಗೆ ಆ ಓದೇ ಹೆಚ್ಚು ಆಳವಾದದ್ದೆನಿಸುತ್ತದೆ.

ಬರೆದವರು ಮುಂದೆ ನಂಬಿಕೆ ಬದಲಿಸಿದರೆಂಬ ಕಾರಣಕ್ಕೆ ಹಳೆಯ ಹಾಡಿನ ಅರ್ಥವನ್ನು ಬದಲಿಸಬೇಡಿ. ಹಾಡು ಬರೆದ ದಿನದ ಮನಸ್ಸಿಗೆ ಮಾತ್ರ ಅದು ಸಾಕ್ಷಿ.

10. ವ್ಯಾಖ್ಯಾನವನ್ನು ಬರೆಯುವುದು

ಒಂದು ಪ್ಯಾರಾ ಸಾಕು. ಪ್ರತಿ ಹೇಳಿಕೆಗೂ ಸಾಲಿನ ಆಧಾರ ಕೊಡಿ. ನಿಮ್ಮ ಸ್ವಂತ ನಂಬಿಕೆಗೆ ಹಿತವಾಗುವ ಅರ್ಥ ಸಿಕ್ಕಿದಾಗ ಇನ್ನೂ ಒಮ್ಮೆ ಪಾಠಕ್ಕೆ ಮರಳಿ, ಅದಕ್ಕೆ ಒಪ್ಪದ ಸಾಲೊಂದನ್ನು ಹುಡುಕಿ, ಅದನ್ನೂ ದಾಖಲಿಸಿ. ಎರಡು ಅರ್ಥಗಳು ಸಮಬಲದಲ್ಲಿ ನಿಂತರೆ ಅವು ಯಾವ ಪದದಲ್ಲಿ ಕವಲೊಡೆಯುತ್ತವೆ ಎಂಬುದನ್ನು ಹೆಸರಿಸಿ. ನಮ್ಮ ನಾಲ್ಕು ಸಾಲಿಗೆ ನಾನು ಬರೆಯುವ ವ್ಯಾಖ್ಯಾನ ಇದು:

‘ಹಾಡು ಉದ್ದಕ್ಕೂ ದೇವರನ್ನು ನೀನೆಂದೇ ಕರೆಯುತ್ತದೆ. ಮೊದಲ ಸಾಲಿನ ಆರೋಪ ಕೇಳುವವನೊಬ್ಬನಿದ್ದಾನೆ ಎಂಬುದನ್ನು ಊಹಿಸಿಕೊಂಡಿದೆ; ಮೂರನೆಯ ಸಾಲು ಅದೇ ಊಹೆಯನ್ನು ಅಲುಗಿಸುತ್ತದೆ. ‘ಕೇಳಲಾರೆನು’ ಎಂಬಲ್ಲಿ ಅರ್ಥ ಕವಲೊಡೆಯುತ್ತದೆ: ನಿರೂಪಕ ಪ್ರಶ್ನೆಯನ್ನು ಕೈಬಿಟ್ಟಿರಬಹುದು, ಇಲ್ಲವೇ ಪ್ರಶ್ನೆಯ ಗದ್ದಲವನ್ನು ಹೊರಗಿಟ್ಟಿರಬಹುದು. ಎರಡನೆಯ ಸಾಲಿನಲ್ಲಿ ಬತ್ತಿ ಹೊಸೆದದ್ದುಂಟು, ಅದನ್ನು ಹಚ್ಚಿದ ಮಾತು ಎಲ್ಲಿಯೂ ಇಲ್ಲ. ಇದು ನಂಬಿಕೆಯ ಓದಿಗೆ ಒಪ್ಪದ ವಿವರ. ಬಾಗಿಲನ್ನು ಮುಚ್ಚದೆ ಮಲಗಿದ್ದು ಸಂದೇಹದ ಓದಿಗೆ ಒಪ್ಪದ ವಿವರ. ದೀಪವಿಲ್ಲದ ಮನೆ, ತೆರೆದ ಬಾಗಿಲು ಎರಡನ್ನೂ ಹಾಡು ಹಾಗೆಯೇ ಬಿಟ್ಟಿದೆ.’